ಪಾಂಡಾ ಯಾಕೆ ಬಲೂನಿನ ಹಾಗೆ ತೇಲುತ್ತದೆ?

ಈ ಸಲದ ಪ್ರಶ್ನೆಗಳೆಲ್ಲ 2008ರ ‘ಕುಂಗ್‌ಫು ಪಾಂಡಾ’ ಸಿನಿಮಾದ ಸುತ್ತಲೇ ಇವೆ. ನೂಡಲ್ಸ್ ಅಂಗಡಿಯಲ್ಲಿ ಬಡಿಸಿಕೊಂಡಿದ್ದ ಡೊಳ್ಳುಹೊಟ್ಟೆಯ ಪಾಂಡಾ ಪೋ ಕುಂಗ್‌ಫು ವೀರನಾಗುವ ಈ ಕಥೆಯನ್ನು ಡ್ರೀಮ್‌ವರ್ಕ್ಸ್ ಅನಿಮೇಷನ್‌ಗಾಗಿ ನಿರ್ದೇಶಿಸಿದವರು ಮಾರ್ಕ್ ಓಸ್‌ಬೋರ್ನ್ ಮತ್ತು ಜಾನ್ ಸ್ಟೀವನ್ಸನ್.

ಪ್ರಶ್ನೆ: ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಪೋ ಥರದ ದಪ್ಪ ಪಾತ್ರವೊಂದನ್ನು ನೆಗೆಸುತ್ತಿದ್ದೇನೆ. 30 ಸೆಂ.ಮೀ. ನೆಗೆತಕ್ಕೆ 30 ಫ್ರೇಮ್ (ಬಿಡಿ ಚಿತ್ರ) ಕೊಟ್ಟಿದ್ದೇನೆ. ದಪ್ಪ ಮೈ ಅಂದರೆ ನಿಧಾನ ಇರಬೇಕಲ್ಲ? ಆದರೂ ತೂಕವೇ ಕಾಣುವುದಿಲ್ಲ, ಬಲೂನಿನ ಹಾಗೆ ತೇಲುತ್ತದೆ.
– ಅನಿಮೇಷನ್ ವಿದ್ಯಾರ್ಥಿ, ಹುಬ್ಬಳ್ಳಿ

ನಿಧಾನ ಬೇಕು, ಆದರೆ ಗಾಳಿಯಲ್ಲಿದ್ದಾಗ ಅಲ್ಲ. ಸಣಕಲಾಗಲಿ ದಡೂತಿಯಾಗಲಿ, 30 ಸೆಂ.ಮೀ. ಮೇಲಿಂದ ನೆಲಕ್ಕೆ ಬರಲು ಹಿಡಿಯುವುದು ಕಾಲು ಸೆಕೆಂಡು. ಸೆಕೆಂಡಿಗೆ 24 ಫ್ರೇಮ್ ಎಂದರೆ ಏರಲು 6, ಇಳಿಯಲು 6, ಒಟ್ಟು 12. ನಿಮ್ಮ 30 ಫ್ರೇಮ್‌ನಲ್ಲಿ ಇಳಿತಕ್ಕೇ 15 ಹೋಯಿತು. ಅಷ್ಟು ಹೊತ್ತಿನಲ್ಲಿ ಯಾವುದೇ ವಸ್ತು ಸುಮಾರು 1.9 ಮೀಟರ್ ಬೀಳಬೇಕು, ನಿಮ್ಮದು ಒಂದು ಮೊಳವೂ ಬೀಳುತ್ತಿಲ್ಲ. ಲೆಕ್ಕ ಗೊತ್ತಿಲ್ಲದವರ ಕಣ್ಣಿಗೂ ಇದು ಥಟ್ಟನೆ ಗೊತ್ತಾಗುತ್ತದೆ.

ತೂಕವನ್ನು ತೋರಿಸಬೇಕಾದ್ದು ನೆಗೆಯುವ ಮುಂಚೆ ಮತ್ತು ನೆಲ ಮುಟ್ಟಿದ ಮೇಲೆ. ಸಣ್ಣ ಮೈಯವನು 5–6 ಫ್ರೇಮ್‌ನಲ್ಲಿ ಮಂಡಿ ಬಗ್ಗಿಸಿ ಎದ್ದರೆ ದಪ್ಪ ಮೈಯವನಿಗೆ 12ರಿಂದ 16 ಕೊಡಿ. ಇಳಿದಾಗ ಪಾದ ನೆಲಕ್ಕೆ ತಾಗಿದ ಫ್ರೇಮ್‌ನಲ್ಲೇ ಸೊಂಟ ನಿಲ್ಲಬಾರದು. ಬಂದ ವೇಗದಲ್ಲೇ ಇನ್ನೂ 4–5 ಫ್ರೇಮ್ ಕುಸಿಯಲಿ, ಮತ್ತೆ ನೆಟ್ಟಗಾಗಲು 10–12 ತೆಗೆದುಕೊಳ್ಳಲಿ. ಹೊಟ್ಟೆ ಸೊಂಟಕ್ಕಿಂತ 2–3 ಫ್ರೇಮ್ ಹಿಂದೆ ಬರಬೇಕು, ಕೆನ್ನೆ ಅದಕ್ಕೂ ಒಂದು ಫ್ರೇಮ್ ಹಿಂದೆ. ಎಲ್ಲವೂ ಒಟ್ಟಿಗೆ ನಿಂತರೆ ಪಾತ್ರ ಟೊಳ್ಳು ಪ್ಲಾಸ್ಟಿಕ್ ಬೊಂಬೆಯಂತೆ ಕಾಣುತ್ತದೆ.

ಬ್ಲೆಂಡರ್‌ನದೇ ಇನ್ನೊಂದು ತೊಂದರೆಯಿದೆ. ನೀವು ಏನೂ ಬದಲಿಸದಿದ್ದರೆ ಅದು ಕೀಗಳ (ನೀವು ಭಂಗಿ ಗುರುತಿಸಿದ ಫ್ರೇಮ್‌ಗಳ) ನಡುವೆ ಬೆಜಿಯರ್ ಎಂಬ ಬಾಗುಗೆರೆ ಎಳೆಯುತ್ತದೆ. ಹಾಗಾಗಿ ಪಾದ ನೆಲದ ಹತ್ತಿರ ಬಂದಾಗ ಮೆಲ್ಲಗಾಗಿ, ಹಾಸಿಗೆ ಮೇಲೆ ಇಟ್ಟ ಹಾಗೆ ಕೂರುತ್ತದೆ. ಗ್ರಾಫ್ ಎಡಿಟರ್ ತೆರೆದು, ಪಾದ ನೆಲ ಮುಟ್ಟುವ ಕೀ ಆರಿಸಿ, ಕೀಬೋರ್ಡಿನ ‘ವಿ’ ಒತ್ತಿ ‘ವೆಕ್ಟರ್’ ಆಯ್ದುಕೊಳ್ಳಿ. ಗೆರೆ ಅಲ್ಲಿ ಮೊನೆಯಾಗುತ್ತದೆ, ಪಾದ ಧಪ್ ಎಂದು ಕೂರುತ್ತದೆ. ನೆಗೆತದ ತುದಿಯಲ್ಲಿರುವ ಕೀಗೆ ಇದನ್ನು ಮಾಡಬೇಡಿ. ಅಲ್ಲಿ ಗೆರೆ ನುಣುಪಾಗಿಯೇ ಇರಬೇಕು.

ಮೊದಲು ಕೈಕಾಲಿಲ್ಲದ ಬರೀ ಚೆಂಡಿನಲ್ಲಿ ಈ ಟೈಮಿಂಗ್ ಸರಿಮಾಡಿಕೊಳ್ಳಿ. ಚೆಂಡಿನಲ್ಲೇ ಕಾಣದ ತೂಕ ರಿಗ್ (ಪಾತ್ರವನ್ನು ಆಡಿಸುವ ಎಲುಬುಗೂಡು) ಹಾಕಿದ ಮೇಲೂ ಕಾಣುವುದಿಲ್ಲ.

ಪ್ರಶ್ನೆ: ಹುಲಿ, ಕೊಕ್ಕರೆ, ಹಾವು, ಕೋತಿ, ಮಿಡತೆ ಥರದ ಹುಳು – ಸಿನಿಮಾದ ಈ ಐವರು ವೀರರ ವರಸೆಗಳು ನಿಜವಾಗಿಯೂ ಇವೆಯೇ?
– ಕರಾಟೆ ಕಲಿಯುವವರು, ಮಂಗಳೂರು

ಐದೂ ಚೀನಾದಲ್ಲಿ ಇವತ್ತಿಗೂ ಕಲಿಸುವ ವರಸೆಗಳೇ. ಆ ಹುಳು ಮಿಡತೆಯಲ್ಲ, ಮುಂಗಾಲು ಮಡಿಚಿ ಕೈಮುಗಿದಂತೆ ಕೂರುವ ಮ್ಯಾಂಟಿಸ್. ಅದರ ವರಸೆ ಶಾನ್‌ಡಾಂಗ್ ಪ್ರಾಂತ್ಯದ್ದು. ಮಣಿಕಟ್ಟು ಬಗ್ಗಿಸಿ, ಬೆರಳು ಕೊಕ್ಕೆ ಮಾಡಿ ಎದುರಾಳಿಯ ತೋಳು ಎಳೆಯುವುದು ಅದರ ಗುರುತು. ಹುಲಿಯದು ಬೆರಳು ಅರ್ಧ ಮಡಿಚಿದ ಪಂಜ. ಫುಜಿಯಾನ್‌ನ ಬಿಳಿ ಕೊಕ್ಕರೆ ವರಸೆಯಲ್ಲಿ ಐದೂ ಬೆರಳ ತುದಿ ಕೂಡಿಸಿದ ಕೊಕ್ಕು. ಹಾವಿನದು ನೇರ ಬೆರಳ ತುದಿಯ ತಿವಿತ.

ಶಾವೊಲಿನ್ ಪರಂಪರೆಯಲ್ಲಿ ಸಾಮಾನ್ಯವಾಗಿ ಹೇಳುವ ಐದು ಪ್ರಾಣಿಗಳ ಪಟ್ಟಿ ಬೇರೆ: ಹುಲಿ, ಕೊಕ್ಕರೆ, ಹಾವು, ಚಿರತೆ, ಡ್ರ್ಯಾಗನ್. ಸಿನಿಮಾದಲ್ಲಿ ಕೊನೆಯ ಎರಡರ ಜಾಗಕ್ಕೆ ಕೋತಿ ಮತ್ತು ಮ್ಯಾಂಟಿಸ್ ಬಂದಿವೆ. ಚಿರತೆ ಪೂರ್ತಿ ಬಿಟ್ಟುಹೋಗಿಲ್ಲ, ಖಳನಾಯಕ ತೈ ಲುಂಗ್ ಹಿಮಚಿರತೆ.

ಕಾಳಗಗಳನ್ನು ಹೊಂದಿಸಿದವರು ರೊಡಾಲ್ಫ್ ಗ್ವೆನೊಡೆನ್. ಅವರೇ ಅನಿಮೇಟರ್ ಕೂಡ. ಹಾವಿನ ಪಾತ್ರ ವೈಪರ್, ಗ್ವೆನೊಡೆನ್ ಅವರಿಗೆ ಎದುರಾದ ಕಠಿಣ ಲೆಕ್ಕ ಎಂದು ನಮ್ಮ ಅಂದಾಜು. ಹಾವಿನ ವರಸೆ ನಿಂತಿರುವುದೇ ಮನುಷ್ಯನ ಕೈ ಮೇಲೆ, ಆದರೆ ಹಾವಿಗೆ ಕೈಯಿಲ್ಲ. ಹಾಗಾಗಿ ಅವಳ ಕಾದಾಟ ಸುತ್ತುವುದು, ಎಳೆಯುವುದು, ಎದುರಾಳಿಯ ಕೈಯಿಂದಲೇ ಅವನಿಗೆ ಹೊಡೆಸುವುದು ಎಂದಾಗಿದೆ. ಕೋತಿಗೆ ದನಿ ಕೊಟ್ಟವರು ಜಾಕಿ ಚಾನ್. ಅಂಥವರಿಗೆ ಇಷ್ಟು ಕಡಿಮೆ ಮಾತು ಬರೆದದ್ದು ನಮ್ಮ ಮಟ್ಟಿಗೆ ಈ ಸಿನಿಮಾದ ದೊಡ್ಡ ಕೊರತೆ.

ಪ್ರಶ್ನೆ: ತೈ ಲುಂಗ್ ನರ ಒತ್ತಿದರೆ ಎಲ್ಲರೂ ಮರಗಟ್ಟಿ ಬೀಳುತ್ತಾರೆ. ಪೋಗೆ ಮಾತ್ರ ಕಚಗುಳಿ ಯಾಕೆ? ಬರೀ ತಮಾಷೆಗೆ ಹಾಕಿದ್ದೇ?
– ಓದುಗರು, ತುಮಕೂರು

ತಮಾಷೆಯೇ, ಆದರೆ ಅದರ ಬೀಜ ಬಹಳ ಮೊದಲೇ ಬಿದ್ದಿದೆ. ಪೆಟ್ಟು ತಿಂದ ಪೋಗೆ ಮ್ಯಾಂಟಿಸ್ ಸೂಜಿಚಿಕಿತ್ಸೆ ಮಾಡುವ ದೃಶ್ಯ ಮತ್ತೆ ನೋಡಿ. ಇಷ್ಟರ ಕೆಳಗೆ ನರದ ಜಾಗ ಸಿಗುವುದೇ ಕಷ್ಟ ಎಂದು ಅವನು ಗೊಣಗುತ್ತಾನೆ. ಕೊಬ್ಬಿನ ಕೆಳಗಾ ಎಂದು ಪೋ ಕೇಳಿದರೆ, ತುಪ್ಪಳ ಅನ್ನೋಣ ಅಂತಿದ್ದೆ ಎಂದು ಸಾವರಿಸಿಕೊಳ್ಳುತ್ತಾನೆ. ಆಗ ನಕ್ಕು ಮರೆತದ್ದೇ ಕೊನೆಯ ಕಾಳಗದಲ್ಲಿ ಪೋನನ್ನು ಉಳಿಸುತ್ತದೆ. ನರ ಒತ್ತಿ ಮರಗಟ್ಟಿಸುವ ವಿದ್ಯೆ ಚೀನೀ ಕತ್ತಿವೀರರ ಕಾದಂಬರಿಗಳಲ್ಲಿ ಹೇರಳವಾಗಿ ಬರುತ್ತದೆ. ಮಕ್ಕಳು ಕುತ್ತಿಗೆ, ಗಂಟಲ ಮೇಲೆ ಅದನ್ನು ಆಡದಂತೆ ನೋಡಿಕೊಳ್ಳಿ. ಅಲ್ಲಿ ಪೆಟ್ಟು ಬಿದ್ದರೆ ಅಪಾಯ.

ಪ್ರಶ್ನೆ: ಕೊನೆಯ ಡಂಪ್ಲಿಂಗ್‌ಗಾಗಿ ಗುರು ಶಿಫು ಮತ್ತು ಪೋ ಚಾಪ್‌ಸ್ಟಿಕ್ ಹಿಡಿದು ಕಾದಾಡುವ ದೃಶ್ಯ ನಮ್ಮ ಏಳನೇ ತರಗತಿ ಮಕ್ಕಳಿಗೆ ಅಚ್ಚುಮೆಚ್ಚು. ಬಿದ್ದು ಪುಟಿಯುವ ಡಂಪ್ಲಿಂಗನ್ನು ಅವರಿಂದಲೇ ಬರೆಸಬಹುದೇ?
– ಚಿತ್ರಕಲಾ ಶಿಕ್ಷಕಿ, ಶಿರಸಿ

ಒಂದೇ ಪೀರಿಯಡ್‌ನಲ್ಲಿ ಆಗುತ್ತದೆ. ಹಾಳೆ ಸರಸರನೆ ತಿರುವಿದರೆ ಚಿತ್ರ ಚಲಿಸುವ ಫ್ಲಿಪ್‌ಬುಕ್ ಮಾಡಿಸಿ. ತುಸು ದಪ್ಪ ಕಾಗದದ 16 ಹಾಳೆ ಬೇಕು. ತೆಳು ಹಾಳೆ ಬೆರಳಿಗೆ ಎರಡೆರಡು ಅಂಟಿಕೊಂಡು ಚಲನೆ ಕುಪ್ಪಳಿಸುತ್ತದೆ. ಎಡ ಅಂಚಿಗೆ ಕ್ಲಿಪ್ ಹಾಕಿ, ಚಿತ್ರ ಬಲ ಅರ್ಧದಲ್ಲೇ ಇರಲಿ. ತಿರುವುವಾಗ ಕಾಣುವುದು ಆ ಭಾಗ ಮಾತ್ರ.

ಬೀಳುವ ದೂರ 9 ಸೆಂ.ಮೀ. ಇಟ್ಟುಕೊಳ್ಳಿ. ಮೊದಲ ಹಾಳೆಯಲ್ಲಿ ಡಂಪ್ಲಿಂಗ್ ಮೇಲಿರಲಿ. ಮುಂದಿನ ಆರು ಹಾಳೆಗಳಲ್ಲಿ ಅದು ಹಿಂದಿನ ಹಾಳೆಗಿಂತ ಕ್ರಮವಾಗಿ 2.5, 7.5, 12.5, 17.5, 22.5, 27.5 ಮಿ.ಮೀ. ಇಳಿಯಬೇಕು. ಇದು 1, 3, 5, 7, 9, 11ರ ಲೆಕ್ಕ, ಬೀಳುವ ವಸ್ತು ವೇಗ ಪಡೆಯುವುದೇ ಹೀಗೆ. ಮಕ್ಕಳು ಮಾಡುವ ತಪ್ಪು ಒಂದೇ: ಎಲ್ಲ ಹಾಳೆಗೂ ಸಮ ಅಂತರ. ಹಾಗೆ ಮಾಡಿದರೆ ಡಂಪ್ಲಿಂಗ್ ಬೀಳುವುದಿಲ್ಲ, ಲಿಫ್ಟಿನಲ್ಲಿ ಇಳಿಯುತ್ತದೆ.

ಎಂಟನೇ ಹಾಳೆಯಲ್ಲಿ ಅದು ತಟ್ಟೆಯ ಮೇಲೆ ಚಪ್ಪಟೆ. ಮೊದಲು 20 ಮಿ.ಮೀ. ಉದ್ದಗಲ ಇದ್ದರೆ ಈಗ ಎತ್ತರ 16, ಅಗಲ 25. ಎತ್ತರ ಇಳಿಸಿ ಅಗಲ ಬೆಳೆಸದಿದ್ದರೆ ಹಿಟ್ಟು ಎಲ್ಲೋ ಮಾಯವಾದಂತೆ ಕಾಣುತ್ತದೆ. ಆಮೇಲೆ ನಾಲ್ಕು ಹಾಳೆಯಲ್ಲಿ 17.5, 12.5, 7.5, 2.5 ಮಿ.ಮೀ. ಏರಿಸಿ, ಉಳಿದ ನಾಲ್ಕರಲ್ಲಿ ಅದೇ ಅಳತೆ ತಿರುಗಿಸಿ ಇಳಿಸಿ. ಸ್ಕೇಲಿನಿಂದ ಅಂಚಿನಲ್ಲಿ ಗುರುತು ಹಾಕಿಕೊಟ್ಟರೆ ಕೆಲಸ ಬೇಗ ಸಾಗುತ್ತದೆ.

ಪ್ರಶ್ನೆ: ಶುರುವಿನ ಕನಸು ಮಾತ್ರ ಬೇರೆ ಥರ ಕಾಣುವುದೇಕೆ?
– ಓದುಗರು, ಬಳ್ಳಾರಿ

ಅದು ಕೈಯಲ್ಲಿ ಬರೆದ 2ಡಿ ಅನಿಮೇಷನ್. ಚೀನೀ ತೊಗಲು ಬೊಂಬೆಯಾಟದಿಂದ ಪ್ರೇರಣೆ ಪಡೆದದ್ದು. ಚೂಪು ಅಂಚು, ಗಾಢ ಬಣ್ಣ. ನಿಮ್ಮ ಕಡೆಯ ತೊಗಲು ಗೊಂಬೆ ನೋಡಿ ಬೆಳೆದವರಿಗೆ ಅದು ಹೊಸತೆನಿಸುವುದಿಲ್ಲ.

ಪ್ರಶ್ನೆ: ಡಬ್ಬಿಂಗ್‌ನಲ್ಲಿ ತುಟಿ ಹೊಂದುವುದೇ ಇಲ್ಲ. ಅನಿಮೇಷನ್‌ನಲ್ಲಾದರೂ ಸರಿಮಾಡಬಹುದಲ್ಲ?
– ಓದುಗರು, ಮೈಸೂರು

ಮಾಡಬಹುದು, ಮಾಡಿದ್ದಾರೆ. 2016ರ ಮೂರನೇ ಭಾಗ ಚೀನಾದೊಂದಿಗೆ ಸೇರಿ ತೆಗೆದದ್ದು. ಅದರ ಮ್ಯಾಂಡರಿನ್ ಆವೃತ್ತಿಗಾಗಿ ಪಾತ್ರಗಳ ಬಾಯಿ, ಮುಖಭಾವಗಳನ್ನು ಆ ಭಾಷೆಗೆ ಹೊಂದುವಂತೆ ಹೊಸದಾಗಿ ಅನಿಮೇಟ್ ಮಾಡಲಾಯಿತು. ಮಾತಿರುವ ಪ್ರತಿ ಶಾಟನ್ನೂ ಮತ್ತೆ ಮುಟ್ಟಬೇಕಾದ್ದರಿಂದ ಖರ್ಚು ಹೆಚ್ಚು. ದೊಡ್ಡ ಮಾರುಕಟ್ಟೆಯ ಭಾಷೆಗಷ್ಟೇ ಸಾಮಾನ್ಯವಾಗಿ ಈ ಭಾಗ್ಯ.