ಹ್ಯಾಂಬರ್ಗ್ ಬಂದರು ನೋಡೋಕೆ ಒಂದೇ ದಿನ ಇದೆ. ಪ್ರವಾಸಿ ದೋಣಿ ಹತ್ತಿದರೆ ಸಾಕಾ?

ಕೆಲಸದ ಮೇಲೆ ಹೋಗುತ್ತಿದ್ದೀರಿ, ನಡುವೆ ಒಂದು ದಿನ ಬಿಡುವಿದೆ, ಫೋಟೋ ತೆಗೆಯುವ ಜಾಗಕ್ಕಿಂತ ನಿಜವಾಗಿ ಕೆಲಸ ನಡೆಯುವ ಬಂದರು ನೋಡಬೇಕು ಅಂತ ಕೇಳಿದ್ದೀರಿ. ಹಾಗಾದರೆ ಪ್ರವಾಸಿ ದೋಣಿ ಬಿಡಿ. ಅಲ್ಲಿಯವರು ದಿನಾ ಕೆಲಸಕ್ಕೆ ಹೋಗುವ ಫೆರಿ ಹತ್ತಿ. 62ನೇ ನಂಬರು.

ಮೊದಲ ಸಲ ನಾನು ಎಡವಿದ್ದೇ ಇಲ್ಲಿ. ಲಾಂಡುಂಗ್ಸ್‌ಬ್ರ್ಯುಕೆನ್ ಅಂತ ಮುಖ್ಯ ದಕ್ಕೆ ಇದೆ. ರೈಲು ಇಳಿದು ಅಲ್ಲಿಗೆ ಕಾಲಿಟ್ಟರೆ ಸಾಕು, ನಾವಿಕರ ಟೋಪಿ ಹಾಕಿಕೊಂಡವರು ಕೂಗಿ ಕರೆಯುತ್ತಾರೆ. ಕರೆದರಲ್ಲ ಅಂತ ಹೋಗಿ ಕೂತೆ. ಒಂದು ಗಂಟೆ ಮೈಕಿನಲ್ಲಿ ಜರ್ಮನ್ ಜೋಕುಗಳು. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ನಾನು ನಗಲು ಶುರು ಮಾಡುತ್ತಿದ್ದೆ. ಹೀಗೆ ವಿವರಣೆ ಕೊಡುವವರಿಗೆ ಆ ಕಡೆಯ ಹಳೇ ಆಡುಮಾತಿನಲ್ಲಿ 'ಹೇ ಲ್ಯುಖ್ಟ್' ಅಂತ ಅಡ್ಡಹೆಸರು. 'ಇವನು ಸುಳ್ಳು ಹೇಳ್ತಾನೆ' ಅಂತ ಅರ್ಥ. ಇದು ಗೊತ್ತಾದ ಮೇಲೆ ದುಡ್ಡು ಹೋದ ಬೇಜಾರು ಸ್ವಲ್ಪ ಕಮ್ಮಿಯಾಯಿತು.

ಆ ದಿನ ನನಗೆ ಯಾರೂ ಹೇಳದ ಮಾತು ಒಂದಿದೆ. ಬೆಳಿಗ್ಗೆ ಎದ್ದ ತಕ್ಷಣ ಆ ದಿನದ ಉಬ್ಬರ ಇಳಿತದ ಸಮಯ ನೋಡಿ. ಹವಾಮಾನ ಆಮೇಲೆ ನೋಡಿದರೂ ನಡೆಯುತ್ತದೆ, ಹೇಗೂ ಮಳೆ ಬಂದೇ ಬರುತ್ತದೆ. ಹ್ಯಾಂಬರ್ಗ್ ಸಮುದ್ರದ ದಡದಲ್ಲಿ ಇಲ್ಲ. ಸಮುದ್ರ ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ. ಬಂದರು ಇರುವುದು ಎಲ್ಬೆ ನದಿಯ ಮೇಲೆ. ಆದರೂ ಉಬ್ಬರ ಅಷ್ಟು ದೂರ ನದಿಯೊಳಗೆ ನುಗ್ಗಿ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಮೂರೂವರೆ ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಹಾಗಾಗಿ ಲಾಂಡುಂಗ್ಸ್‌ಬ್ರ್ಯುಕೆನ್ ನೆಲಕ್ಕೆ ಕಟ್ಟಿದ ದಕ್ಕೆ ಅಲ್ಲ, ನೀರಿನ ಮೇಲೆ ತೇಲುತ್ತದೆ. ದಡದಿಂದ ಅದಕ್ಕೆ ಹೋಗುವ ಸಣ್ಣ ಸೇತುವೆಗಳು ಉಬ್ಬರದ ಹೊತ್ತಿಗೆ ಹೆಚ್ಚುಕಮ್ಮಿ ಸಮ ಇರುತ್ತವೆ. ಇಳಿತದಲ್ಲಿ ಅದೇ ಸೇತುವೆ ಕಡಿದಾದ ಇಳಿಜಾರು. ಬೆಳಿಗ್ಗೆ ಆರಾಮಾಗಿ ನಡೆದು ಹೋದ ದಾರಿಯಲ್ಲಿ ಮಧ್ಯಾಹ್ನ ಏದುಸಿರು ಬಿಡುತ್ತಾ ಹತ್ತಿ ಬಂದಿದ್ದೇನೆ. ದಕ್ಕೆಯ ತುದಿಯಲ್ಲಿ ಒಂದು ಗೋಪುರ ಇದೆ. ಅದರಲ್ಲಿ ಗಡಿಯಾರದ ಜೊತೆಗೆ ನೀರಿನ ಮಟ್ಟವನ್ನೂ ತೋರಿಸುತ್ತಾರೆ.

ಇನ್ನು 62. ಇದು ನಗರ ಸಾರಿಗೆಯ ಭಾಗ. ಬಸ್ಸು, ಮೆಟ್ರೋಗೆ ತೆಗೆದ ದಿನದ ಟಿಕೆಟ್ಟೇ ಇಲ್ಲೂ ನಡೆಯುತ್ತದೆ. ಲಾಂಡುಂಗ್ಸ್‌ಬ್ರ್ಯುಕೆನ್‌ನಿಂದ ಕೊನೆಯ ನಿಲ್ದಾಣ ಫಿಂಕೆನ್‌ವೆರ್ಡರ್‌ವರೆಗೆ ಸುಮಾರು ಅರ್ಧ ಗಂಟೆ. ವಾರದ ದಿನ ಹೋಗಿ. ಬಿಸಿಲಿದ್ದ ಒಂದು ಭಾನುವಾರ ಮಧ್ಯಾಹ್ನ ಹೋಗಿ, ಎರಡು ಫೆರಿ ಕಣ್ಣೆದುರೇ ತುಂಬಿ ಹೋದದ್ದನ್ನು ನೋಡುತ್ತಾ ನಿಂತಿದ್ದೆ. ವಾರದ ದಿನ ಬೆಳಿಗ್ಗೆಯಾದರೆ ಬೇರೆಯೇ ಲೋಕ. ಸೈಕಲ್ ಹಿಡಿದವರು, ಕಾಫಿ ಲೋಟ ಹಿಡಿದು ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿದವರು. ಫಿಂಕೆನ್‌ವೆರ್ಡರ್‌ನಲ್ಲಿ ಏರ್‌ಬಸ್ ವಿಮಾನ ಕಾರ್ಖಾನೆ ಇದೆ, ಆ ಕಡೆಗೆ ಹೋಗುವವರೂ ಇರುತ್ತಾರೆ. ನೀವು ಮೇಲಿನ ಡೆಕ್‌ಗೆ ಹೋಗಿ. ಹೊರಟ ಕೂಡಲೇ ನದಿಯ ಆಚೆ ಬದಿಯಲ್ಲಿ, ಅಂದರೆ ಎಡಗಡೆ, ಬ್ಲೋಮ್ ಉಂಡ್ ಫಾಸ್ ಹಡಗುಕಟ್ಟೆ, ಅಂದರೆ ಹಡಗು ಕಟ್ಟುವ, ರಿಪೇರಿ ಮಾಡುವ ಜಾಗ. 1877ರಲ್ಲಿ ಶುರುವಾದದ್ದು. ತೇಲುವ ಡಾಕಿನಲ್ಲಿ ಹಡಗೊಂದನ್ನು ಪೂರ್ತಿ ನೀರಿನಿಂದ ಮೇಲೆತ್ತಿ ನಿಲ್ಲಿಸಿದ್ದರೆ ನಿಮ್ಮ ಅದೃಷ್ಟ. ಹಡಗಿನ ಹೊಟ್ಟೆ ಅಷ್ಟು ದೊಡ್ಡದು ಅಂತ ನೀರಿನಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ.

ಕೊನೆಯವರೆಗೆ ಹೋಗಿ, ವಾಪಸ್ ಬರುವಾಗ ಎವೆಲ್‌ಗ್ಯೊನೆಯಲ್ಲಿ ಇಳಿಯಿರಿ. ಇಡೀ ದಿನದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ಈ ಬದಿಯಲ್ಲಿ ಮರಳಿನ ದಡ, ಹಿಂದೆ ಹಳೆಯ ಪುಟ್ಟ ಮನೆಗಳ ಸಾಲು, ಮಕ್ಕಳು, ನಾಯಿಗಳು. ಎದುರಿಗೆ, ಕೂಗಿದರೆ ಕೇಳಿಸೀತೇನೋ ಅನ್ನುವಷ್ಟು ಹತ್ತಿರ, ಬುರ್ಖಾರ್ಡ್‌ಕಾಯ್ ಕಂಟೇನರ್ ದಕ್ಕೆ. 1968ರಲ್ಲಿ 'ಅಮೆರಿಕನ್ ಲ್ಯಾನ್ಸರ್' ಅನ್ನುವ ಹಡಗು ಇದೇ ದಕ್ಕೆಗೆ ಬಂತು. ಬರೀ ಕಂಟೇನರ್ ಹೊತ್ತು ಹ್ಯಾಂಬರ್ಗ್‌ಗೆ ಬಂದ ಮೊದಲ ಹಡಗು ಅದು. ಈಗ 400 ಮೀಟರ್ ಉದ್ದದವು ಬರುತ್ತವೆ. ಕ್ರೇನಿನ ತೋಳು ಹಡಗಿನ ಮೇಲೆ ಚಾಚುತ್ತದೆ, ಪೆಟ್ಟಿಗೆಯನ್ನು ಮೇಲಿಂದ ಕಚ್ಚಿ ಹಿಡಿಯುತ್ತದೆ, ದಡಕ್ಕೆ ತಂದು ಇಳಿಸುತ್ತದೆ. ಉದ್ದ ಕಾಲಿನ ಜೇಡದಂಥ ಗಾಡಿಯೊಂದು ಓಡಿ ಬಂದು ಆ ಪೆಟ್ಟಿಗೆಯನ್ನು ತನ್ನ ಕಾಲುಗಳ ನಡುವೆ ಎತ್ತಿಕೊಂಡು ಹೋಗುತ್ತದೆ. ಮನುಷ್ಯರು ಮಾತ್ರ ಕಾಣುವುದೇ ಇಲ್ಲ. ಹಿಂದೆ ಮೂಟೆ ಹೊರುವ ನೂರಾರು ಜನ ಸೇರಿ ದಿನಗಟ್ಟಲೆ ಮಾಡುತ್ತಿದ್ದ ಕೆಲಸ ಇದು, ಅಲ್ವಾ ಅಂತ ನೆನೆಸಿಕೊಂಡು ನೋಡಿ. ಸುಮ್ನೆ ಪೆಟ್ಟಿಗೆ ಎತ್ತಿ ಇಡುವುದನ್ನು ಎರಡು ಗಂಟೆ ನೋಡಿದೆ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಉಬ್ಬರದ ಸಮಯ ನೋಡಿ ಅಂದದ್ದು ಇದಕ್ಕೇ. ತುಂಬಾ ಆಳಕ್ಕೆ ಇಳಿಯುವಷ್ಟು ಸರಕು ಹೊತ್ತ ಹಡಗುಗಳು ನದಿಯಲ್ಲಿ ಬೇಕೆಂದಾಗ ಬರುವ ಹಾಗಿಲ್ಲ. ನೀರು ಏರುವುದಕ್ಕೆ ಕಾದು, ಅದರ ಜೊತೆಗೇ ಒಳಗೆ ಬರುತ್ತವೆ. ಹಡಗುಗಳು ಎಲ್ಲಿವೆ ಅಂತ ತೋರಿಸುವ ಆಪ್ ಒಂದನ್ನು ಫೋನಿನಲ್ಲಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ದೊಡ್ಡದೊಂದು ಬರುವ ಹೊತ್ತಿಗೆ ನೀವು ಮರಳ ಮೇಲೆ ಕೂತಿರಬೇಕು. ನಾನು ಕೂತಿದ್ದಾಗ ಟಗ್ ದೋಣಿಗಳು ಮುಂದೆ ಒಂದು, ಹಿಂದೆ ಒಂದು ಹಗ್ಗ ಕಟ್ಟಿಕೊಂಡು ಅಂಥ ಹಡಗನ್ನು ನಿಧಾನಕ್ಕೆ ತಿರುಗಿಸಿದವು. ಎದುರಿನ ಕ್ರೇನು, ಆಕಾಶ ಎಲ್ಲ ಮರೆಯಾಗಿ ಒಂದೇ ಒಂದು ಕಬ್ಬಿಣದ ಗೋಡೆ ಉಳಿಯಿತು. ಹಡಗು ದಾಟಿ ಸ್ವಲ್ಪ ಹೊತ್ತಾದ ಮೇಲೆ ಅಲೆ ಬರುತ್ತದೆ. ನನ್ನ ಶೂ ಒದ್ದೆಯಾದದ್ದು ಹಾಗೆ. ಚೀಲ ಹಿಂದಕ್ಕೆ ಇಟ್ಟುಕೊಳ್ಳಿ.

ಅದೇ ದಡದಲ್ಲಿ 217 ಟನ್ನಿನ ಒಂದು ಬಂಡೆಯೂ ಸಿಗುತ್ತದೆ. ಹಿಮಯುಗದಲ್ಲಿ ಸ್ವೀಡನ್ನಿನಿಂದ ಜಾರಿ ಬಂದದ್ದು. 1999ರಲ್ಲಿ ನದಿಯ ಆಳ ಹೆಚ್ಚಿಸುವಾಗ ಸಿಕ್ಕಿತು. 'ಹಳೇ ಸ್ವೀಡನ್ನವನು' ಅಂತ ಹೆಸರಿಟ್ಟಿದ್ದಾರೆ.

ವಾಪಸ್ ಲಾಂಡುಂಗ್ಸ್‌ಬ್ರ್ಯುಕೆನ್‌ಗೆ ಬಂದ ಮೇಲೆ ಹಳೇ ಎಲ್ಬೆ ಸುರಂಗ. ಗುಮ್ಮಟ ಇರುವ ಕಲ್ಲಿನ ಕಟ್ಟಡ ಕಾಣುತ್ತದೆ, ಅದೇ ಬಾಗಿಲು. ನಡೆದು ಹೋಗುವವರಿಗೆ ದುಡ್ಡಿಲ್ಲ. ಇದನ್ನು ತೆರೆದದ್ದು 1911ರಲ್ಲಿ. ನದಿಯ ಆಚೆಗಿನ ಹಡಗುಕಟ್ಟೆಗಳಿಗೆ ದಿನಾ ಸಾವಿರಾರು ಕೆಲಸಗಾರರು ದಾಟಬೇಕಿತ್ತು, ದೋಣಿಗಳು ಸಾಲುತ್ತಿರಲಿಲ್ಲ. ಅದಕ್ಕೆ ನೀರಿನ ಮಟ್ಟದಿಂದ 24 ಮೀಟರ್ ಕೆಳಗೆ, 426 ಮೀಟರ್ ಉದ್ದದ ಎರಡು ಕೊಳವೆ ಕೊರೆದರು. ಕೊರೆಯುವಾಗ ನದಿ ಒಳಗೆ ನುಗ್ಗದ ಹಾಗೆ ತಡೆಯಲು ಗಾಳಿಯ ಒತ್ತಡ ಏರಿಸಿದ್ದರು. ಆ ಒತ್ತಡದಲ್ಲಿ ದುಡಿದು ಹೊರಗೆ ಬಂದ ಎಷ್ಟೋ ಜನ ಕಾಯಿಲೆ ಬಿದ್ದರು, ಸತ್ತವರೂ ಇದ್ದಾರೆ. ಗಾಡಿಗಳನ್ನೇ ಕೆಳಗೆ ಇಳಿಸುವ ದೊಡ್ಡ ಲಿಫ್ಟುಗಳಿವೆ, ಆದರೆ ನೀವು ಮೆಟ್ಟಿಲಲ್ಲೇ ಇಳಿಯಿರಿ. ಸುರಂಗದ ಗೋಡೆಯ ಟೈಲ್ಸ್ ಮೇಲೆ ಮೀನು, ಏಡಿಗಳ ಉಬ್ಬುಚಿತ್ರ ಕೂರಿಸಿದ್ದಾರೆ. ಒಂದು ಕಡೆ ಹಳೇ ಬೂಟಿನ ಸುತ್ತ ಇಲಿಗಳು ಕೂಡ ಇವೆ. ನದಿಯ ತಳದಲ್ಲಿ ನಿಜವಾಗಿ ಏನಿರುತ್ತದೆ ಅಂತ ಆ ಕಲಾವಿದರಿಗೆ ಚೆನ್ನಾಗಿ ಗೊತ್ತಿತ್ತು. ಆಚೆ ಕಡೆ ಹತ್ತಿ ಬಂದರೆ ಇಡೀ ನಗರ ಎದುರಿಗೆ ಸಾಲಾಗಿ ನಿಲ್ಲುತ್ತದೆ. ಎಲ್ಲರೂ ಫೋಟೋ ತೆಗೆಯುವುದು ದಕ್ಕೆಯಿಂದ ಬಂದರಿನ ಕಡೆಗೆ. ಬಂದರಿನಿಂದ ನಗರ ಹೇಗೆ ಕಾಣುತ್ತದೆ ಅಂತ ನೋಡಬೇಕಿದ್ದರೆ ಇಲ್ಲಿಗೇ ಬರಬೇಕು.

ಶ್ಪೈಖರ್‌ಷ್ಟಾಟ್, ಅಂದರೆ ಗೋದಾಮುಗಳ ಊರು, ಸಂಜೆಗೆ ಇಟ್ಟುಕೊಳ್ಳಿ. ಕೆಂಪು ಇಟ್ಟಿಗೆ, ಕಾಲುವೆ, ಕಬ್ಬಿಣದ ಸೇತುವೆ. ಚಂದ ಇದೆ, ಆದರೆ ಈಗ ಕೆಲಸದ ಬಂದರು ಅಲ್ಲ. 1888ರಲ್ಲಿ ಸುಂಕವಿಲ್ಲದ ವಲಯವಾಗಿ ತೆರೆದದ್ದು. ಕಾಫಿ, ಟೀ, ಮಸಾಲೆ ಪದಾರ್ಥ ಇಲ್ಲಿ ಸುಂಕ ಕಟ್ಟದೆ ಎಷ್ಟು ದಿನ ಬೇಕಾದರೂ ಕೂತಿರಬಹುದಿತ್ತು. ಇದನ್ನು ಕಟ್ಟಲು ಅಲ್ಲಿ ವಾಸವಿದ್ದ ಸುಮಾರು 20,000 ಜನರನ್ನು ಎಬ್ಬಿಸಿದರು. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮಾಡಿನ ಕೆಳಗೆ ಚಾಚಿಕೊಂಡಿರುವ ರಾಟೆಗಳನ್ನು ಗಮನಿಸಿ, ದೋಣಿಯಿಂದ ಮೂಟೆ ನೇರ ಮೇಲಿನ ಮಹಡಿಗೆ ಹೋಗುತ್ತಿದ್ದುದು ಅದರಲ್ಲೇ. ಇಳಿತದ ಹೊತ್ತಿಗೆ ಹೋದರೆ ಕಾಲುವೆಯಲ್ಲಿ ಬರೀ ಕೆಸರು ಕಾಣುತ್ತದೆ. ನೀರು ತುಂಬಿರುವಾಗಲೇ ಹೋಗಿ.

ಪಕ್ಕದಲ್ಲೇ ಗಾಜಿನ ಅಲೆಯ ಹಾಗೆ ನಿಂತದ್ದು ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನ. ಕೆಳಗಿನ ಇಟ್ಟಿಗೆಯ ಭಾಗ ಹಿಂದೆ ಕೋಕೋ ಗೋದಾಮು. ನಗರಕ್ಕೆ 7.7 ಕೋಟಿ ಯೂರೋ ಖರ್ಚು ಅಂದಿದ್ದರು, 2017ರಲ್ಲಿ ತೆರೆಯುವ ಹೊತ್ತಿಗೆ 78.9 ಕೋಟಿ ಆಗಿತ್ತು. 37 ಮೀಟರ್ ಎತ್ತರದ ಜಗಲಿಗೆ ಹತ್ತಿ ನೋಡಿ, ಅಷ್ಟು ಸಾಕು.

ನಿಮ್ಮ ಬಿಡುವಿನ ದಿನ ಭಾನುವಾರವೇ ಆದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಬೇಗ ಎದ್ದು ಮೀನು ಸಂತೆಗೆ ಹೋಗಿ. 1703ರಿಂದ ನಡೆಯುತ್ತಿದೆ, ಒಂಬತ್ತೂವರೆಗೆ ಮುಗಿದು ಹೋಗುತ್ತದೆ. ಮೀನು ತಿನ್ನದಿದ್ದರೂ ಪರವಾಗಿಲ್ಲ, ಬುಟ್ಟಿಗಟ್ಟಲೆ ಹಣ್ಣು ಕೂಗಿ ಮಾರುವವರಿದ್ದಾರೆ. ಅಲ್ಲಿಂದಲೇ 62 ಹಿಡಿಯಿರಿ, ಮಧ್ಯಾಹ್ನದ ಜನಜಂಗುಳಿ ತಪ್ಪುತ್ತದೆ. ಗಾಳಿ ತಡೆಯುವ ಜಾಕೆಟ್ ಬೇಸಿಗೆಯಲ್ಲೂ ಇರಲಿ. ಮೇಲಿನ ಡೆಕ್ಕಿನಲ್ಲಿ ಟೋಪಿ ಹಾಕಬೇಡಿ. ನನ್ನದು ಈಗ ಎಲ್ಬೆಯಲ್ಲಿದೆ.