ಮಾನವ ಕಳ್ಳಸಾಗಣೆ ಪ್ರಕರಣ ನಡೆಸುವ ಸರ್ಕಾರಿ ವಕೀಲರಿಗೆ ಅತಿ ಕಷ್ಟದ ಭಾಗ ಯಾವುದು?

ಬಲವಂತವನ್ನು ಸಾಬೀತು ಮಾಡುವುದು. ಅದು ಕಣ್ಣಿಗೆ ಕಾಣುವಂಥದ್ದಲ್ಲ.

ವಿಶ್ವಸಂಸ್ಥೆ 2000ರಲ್ಲಿ ಅಂಗೀಕರಿಸಿದ ಪಲೆರ್ಮೊ ಒಪ್ಪಂದ ಮಾನವ ಕಳ್ಳಸಾಗಣೆ ತಡೆಯಲೆಂದೇ ಇರುವುದು. ಅದು ಕೊಡುವ ಕಳ್ಳಸಾಗಣೆಯ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ: ಕರೆತಂದ, ಸಾಗಿಸಿದ ಅಥವಾ ಇರಿಸಿಕೊಂಡ ಕೃತ್ಯ, ಅದಕ್ಕೆ ಬಳಸಿದ ಬೆದರಿಕೆ, ವಂಚನೆಯಂಥ ದಾರಿ, ಶೋಷಣೆಯ ಉದ್ದೇಶ. ಸಂತ್ರಸ್ತರು 18 ವರ್ಷದೊಳಗಿನವರಾದರೆ ಎರಡನೆಯದನ್ನು, ಅಂದರೆ ಬಳಸಿದ ದಾರಿಯನ್ನು, ತೋರಿಸಬೇಕಿಲ್ಲ.

'ಅವಳೇ ಒಪ್ಪಿ ಬಂದಳು, ಬಾಗಿಲಿಗೆ ಬೀಗವೂ ಇರಲಿಲ್ಲ' ಎಂಬ ವಾದ ಆರೋಪಿಯ ಕಡೆಯಿಂದ ಎದುರಾಗುತ್ತಲೇ ಇರುತ್ತದೆ. ಮೋಸದಿಂದ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ ಎನ್ನುತ್ತದೆ ಅದೇ ಒಪ್ಪಂದ. ಆದರೆ ಮೋಸವನ್ನು ತೋರಿಸಬೇಕಲ್ಲ! ಇಲ್ಲಿ ಅವಳ ಹೆಸರಲ್ಲಿ ಆರೋಪಿ ಬರೆದಿಟ್ಟ ಒಂದು ಸಾಲದ ಪುಸ್ತಕ ಸಿಕ್ಕರೂ ಸಾಕು, ಅದೇ ಮಾತಾಡುತ್ತದೆ: ಪ್ರಯಾಣದ ಖರ್ಚು, ಊಟ, ಬಾಡಿಗೆ, ತಡವಾಗಿ ಎದ್ದದ್ದಕ್ಕೆ ದಂಡ. ದುಡಿದಷ್ಟೂ ಸಾಲ ಬೆಳೆದಿರುತ್ತದೆ. ಬೀಗ ಬೇರೆ ಏಕೆ ಬೇಕು? ಹಣ ವರ್ಗಾವಣೆ, ಫೋನ್ ಸಂದೇಶ, ಟಿಕೆಟ್‌ಗಳನ್ನೂ ಹೀಗೆಯೇ ಒಂದೊಂದಾಗಿ ಜೋಡಿಸಬೇಕು. ಆಗ ಪ್ರಕರಣದ ಇಡೀ ಭಾರ ಸಂತ್ರಸ್ತೆಯ ಹೆಗಲ ಮೇಲೆ ಬೀಳುವುದಿಲ್ಲ.

ಆಕೆ ದಿನಾಂಕ ತಪ್ಪು ಹೇಳಬಹುದು, ಹೇಳಿಕೆ ಬದಲಿಸಬಹುದು. ಆಘಾತ ಉಂಡವರ ನೆನಪು ಹಾಗೆಯೇ. ದಯವಿಟ್ಟು ಅದನ್ನು ಸುಳ್ಳು ಎನ್ನಬೇಡಿ. ಸಾಕ್ಷ್ಯಕ್ಕೆ ಮೊದಲು ಖಾಲಿ ನ್ಯಾಯಾಲಯಕ್ಕೆ ಕರೆದೊಯ್ದು, ಆರೋಪಿ ಎಲ್ಲಿ ಕೂರುತ್ತಾನೆ, ಆಕೆ ಎಲ್ಲಿ ನಿಲ್ಲಬೇಕು ಎಂದು ತೋರಿಸಿ. ಏನು ಹೇಳಬೇಕೆಂದು ಮಾತ್ರ ಎಂದೂ ಹೇಳಿಕೊಡಬೇಡಿ.