ಕಿವಿಗೆ ಒಂದೇ ಪದ, ಬರೆಯುವಾಗ ಎರಡು

ಪ್ರಶ್ನೆ: ಮೇಡಂ, ನಮ್ಮದು ಹಾಸನ. ಮಗಳು ಆರನೇ ಕ್ಲಾಸ್. ಕಳೆದ ವರ್ಷದವರೆಗೆ ಕನ್ನಡ ಮೀಡಿಯಂ, ಈಗ ಇಂಗ್ಲಿಷ್ ಮೀಡಿಯಂ. ಚೆನ್ನಾಗಿಯೇ ಓದುತ್ತಾಳೆ. ಬರೆಯುವಾಗ ಮಾತ್ರ ‘ಅಲ್ಲಿ’ ಅನ್ನುವ ದೇರ್ ಬರೆಯಬೇಕಾದ ಕಡೆ ‘ಅವರ’ ಅನ್ನುವ ದೇರ್ ಬರೆಯುತ್ತಾಳೆ. ನೋ, ರೈಟ್, ಇಟ್ಸ್ ಎಲ್ಲದರಲ್ಲೂ ಇದೇ ಕಥೆ. ತಪ್ಪಿದ್ದನ್ನು ಇಪ್ಪತ್ತು ಸಲ ಬರೆಸುತ್ತೇವೆ. ಮಾರನೇ ದಿನ ಮತ್ತೆ ಅದೇ ತಪ್ಪು. ಏನು ಮಾಡಬೇಕು?

ಉತ್ತರ: ಮೊದಲು ಆ ಇಪ್ಪತ್ತು ಸಲ ಬರೆಸುವುದನ್ನು ನಿಲ್ಲಿಸಿ. ನಿಮ್ಮ ಮಗಳಿಗೆ ಸ್ಪೆಲಿಂಗ್ ಬರುವುದಿಲ್ಲ ಅಂತಲ್ಲ. ಎರಡು ಸ್ಪೆಲಿಂಗೂ ಬರುತ್ತವೆ. ಯಾವುದು ಯಾವ ಅರ್ಥದ್ದು ಅನ್ನುವುದು ಮನಸ್ಸಿನಲ್ಲಿ ಕೂತಿಲ್ಲ, ಅಷ್ಟೇ. ಸುಮ್ನೆ ಬರೆಸಿದರೆ ಕೈ ನೋಯುತ್ತದೆ, ಅರ್ಥ ಕೂರುವುದಿಲ್ಲ.

ಅವಳ ಇಂಗ್ಲಿಷ್ ಪುಸ್ತಕ ಒಮ್ಮೆ ತೆರೆದು ನೋಡಿ. ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡಿರಬಹುದು. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಲ್ಲಿ ಈ ಅಭ್ಯಾಸ ತುಂಬಾ ಸಾಮಾನ್ಯ. ಓದು ಕಲಿಯಲು ಅದು ಒಳ್ಳೆಯ ಊರುಗೋಲು. ಆದರೆ ಇಂಥ ಜೋಡಿ ಪದಗಳಿಗೆ ಅದೇ ತೊಂದರೆ. ಎರಡರ ಮೇಲೂ ‘ದೇರ್’ ಅಂತ ಬರೆದುಕೊಂಡರೆ ಕಣ್ಣಿಗೆ ಕಾಣುತ್ತಿದ್ದ ವ್ಯತ್ಯಾಸವೂ ಹೋಯಿತು, ಅಲ್ವಾ? ಆ ಉಚ್ಚಾರ ಅಳಿಸಿಬಿಡಿ. ಅದೇ ಜಾಗದಲ್ಲಿ ಅರ್ಥ ಬರೆಸಿ. ಒಂದರ ಮೇಲೆ ‘ಅಲ್ಲಿ’, ಇನ್ನೊಂದರ ಮೇಲೆ ‘ಅವರ’. ಉಳಿದದ್ದೇನೇ ಬಿಟ್ಟರೂ ಇದೊಂದನ್ನು ಮಾಡಿ.

ಒಂದೇ ಸದ್ದಿಗೆ ಎರಡು ಅರ್ಥ ಇರುವುದು ಅವಳಿಗೆ ಹೊಸದೇನಲ್ಲ. ‘ಹತ್ತು ಮೆಟ್ಟಿಲು ಹತ್ತು’ ಅಂದರೆ ಯಾವ ಹತ್ತು ಯಾವುದು ಅಂತ ತಟ್ಟನೆ ಹೇಳುತ್ತಾಳೆ. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ. ಇಂಗ್ಲಿಷ್‌ನಲ್ಲಿ ಎಷ್ಟೋ ಕಡೆ ಅರ್ಥ ಬದಲಾದರೆ ಸ್ಪೆಲಿಂಗೂ ಬದಲಾಗುತ್ತದೆ. ಈ ಮಾತನ್ನು ಅವಳಿಗೆ ಬಿಡಿಸಿ ಹೇಳಿ.

ಈಗ ದೇರ್. ಇಲ್ಲಿ, ಅಲ್ಲಿ, ಎಲ್ಲಿ ಅಂತ ಕನ್ನಡದಲ್ಲಿ ಬರೆಸಿ. ಮೂರರ ಕೊನೆಯಲ್ಲೂ ‘ಲ್ಲಿ’ ಇದೆ. ಕೆಳಗೆ ಇಂಗ್ಲಿಷ್‌ನ ಹಿಯರ್, ದೇರ್, ವೇರ್ ಬರೆಸಿ. ಮೂರರ ಕೊನೆಯಲ್ಲೂ ಎಚ್ ಇ ಆರ್ ಇ. ಅವಳೇ ಕಂಡುಹಿಡಿದು ಗೆರೆ ಎಳೆಯಲಿ, ನೀವು ತೋರಿಸಬೇಡಿ. ಜಾಗ ಹೇಳುವ ಮೂರೂ ಪದ ಒಂದೇ ಮನೆಯವು ಅಂತ ಗೊತ್ತಾದರೆ ಮತ್ತೆ ಮರೆಯುವುದು ಕಷ್ಟ. ‘ದೇರ್ ಈಸ್ ಎ ಡ್ಯಾಮ್ ಅಟ್ ಗೊರೂರು’ ಎಂಬಂಥ ವಾಕ್ಯದಲ್ಲಿ ‘ಅಲ್ಲಿ’ ಅನ್ನುವ ಅರ್ಥ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿಯೂ ಇದೇ ಸ್ಪೆಲಿಂಗ್ ಅಂತ ಮೊದಲೇ ಹೇಳಿಬಿಡಿ.

‘ಅವರ’ ಅನ್ನುವ ದೇರ್ ಅನ್ನು ಅದೇ ದಿನ ಕಲಿಸಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಇದು ಬೇರೆ, ಅದು ಬೇರೆ’ ಎಂದರೆ ಮಕ್ಕಳಿಗೆ ನೆನಪಾಗುವುದು ಎರಡೂ ಒಟ್ಟಿಗೇ. ಮೊದಲನೆಯದು ತಪ್ಪಿಲ್ಲದೆ ಬರುವವರೆಗೆ ಕಾಯಿರಿ. ಆಮೇಲೆ ದೇ, ದೆಮ್, ದೇರ್ ಅಂತ ‘ಅವರು, ಅವರನ್ನು, ಅವರ’ ಸಾಲಿನಲ್ಲಿ ತನ್ನಿ. ‘ದೇ’ ಬರೆದು, ಕೊನೆಯ ವೈ ತೆಗೆದು ಐ ಆರ್ ಸೇರಿಸಿದರೆ ‘ಅವರ’ ಆಯಿತು.

ಇಟ್ಸ್‌ಗೆ ಬೇರೆ ಉಪಾಯ. ‘ರಾಮನ’ ಎನ್ನಲು ಅಪಾಸ್ಟ್ರಫಿ, ಅಂದರೆ ಮೇಲೆ ಬರುವ ಸಣ್ಣ ಕೊಕ್ಕೆ, ಹಾಕಿ ಎಸ್ ಬರೆಯುತ್ತೇವೆ. ಹಾಗಾಗಿ ‘ಅದರ’ ಎನ್ನುವಾಗಲೂ ಮಗು ಅಪಾಸ್ಟ್ರಫಿ ಹಾಕುತ್ತದೆ. ಮಗುವಿನ ಲೆಕ್ಕದಲ್ಲಿ ಅದು ಸರಿಯೇ, ಬೈಯಬೇಡಿ. ಹಿಸ್, ಹರ್, ಇಟ್ಸ್ ಒಂದು ಗುಂಪು, ಈ ಗುಂಪಿಗೆ ಅಪಾಸ್ಟ್ರಫಿ ಇಲ್ಲ ಅಂತ ಹೇಳಿ. ಅನುಮಾನ ಬಂದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಲಿ. ‘ದಿ ಕೌ ಅಂಡ್ ಇಟ್ ಈಸ್ ಕಾಫ್’ ಅಂದರೆ ಕೇಳುವುದಕ್ಕೇ ಸರಿಯಿಲ್ಲ. ಆದ್ದರಿಂದ ಅಪಾಸ್ಟ್ರಫಿ ಬೇಡ. ‘ನಿಮ್ಮ’ ಅನ್ನುವ ಯುವರ್‌ಗೂ, ‘ಯು ಆರ್’ ಕೂಡಿದ ಯುವರ್‌ಗೂ ಇದೇ ಪರೀಕ್ಷೆ ಸಾಕು.

‘ತಿಳಿ’ ಅನ್ನುವ ನೋ ಪದಕ್ಕೆ ಕೆ ಯಾಕೆ ಅಂತ ಮಗಳು ಕೇಳಿದರೆ ನಿಜವಾದ ಕಾರಣ ಹೇಳಿ. ಹಿಂದೆ ಆ ಕೆ ಬಾಯಲ್ಲಿ ಬರುತ್ತಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಮುದ್ರಣಾಲಯ ಶುರು ಮಾಡಿದ್ದು 1476ರಲ್ಲಿ. ಅಲ್ಲಿಂದ ಮುಂದೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಯಿತು, ಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಮಾಂಸದ ಮೀಟ್, ಭೇಟಿಯ ಮೀಟ್ ಕೂಡ ಆಗ ಬೇರೆ ಬೇರೆ ಸದ್ದು. ಇವತ್ತಿಗೂ ನೀ, ನೈಫ್, ನೋ ಮೂರರಲ್ಲೂ ಕೆ ಉಳಿದಿದೆ. ಕಾರಣ ಗೊತ್ತಾದ ಮಗು ಸ್ಪೆಲಿಂಗನ್ನು ಹೆದರಿಕೊಂಡು ಉರು ಹೊಡೆಯುವುದಿಲ್ಲ.

ಮನೆಮಾತಿನಲ್ಲೂ ಬೇಕಾದಷ್ಟು ಸಿಗುತ್ತವೆ. ಲೇಔಟಿನಲ್ಲಿ ಕೊಳ್ಳುವ ಸೈಟ್ ಒಂದು, ಕನ್ನಡಕದ ಅಂಗಡಿಯವರು ಕೇಳುವ ಸೈಟ್ ಇನ್ನೊಂದು. ಕಣ್ಣಿನದಕ್ಕೆ ಲೈಟ್, ನೈಟ್ ಥರ ಜಿ ಎಚ್ ಬರುತ್ತದೆ. ಚಿಕ್ಕಮಗಳೂರು ಕಡೆ ಕಾಫಿ ಬೆರ್ರಿ ಇದೆ. ‘ಹೂಳು’ ಅನ್ನುವ ಬೆರ್ರಿಗೆ ಇ ಇಲ್ಲ, ಯು ಇದೆ, ಆರ್ ಒಂದೇ.

ಡಿಕ್ಟೇಶನ್ ಕೊಟ್ಟರೆ ಬಿಡಿ ಪದ ಕೊಡಬೇಡಿ. ‘ದೇರ್’ ಅಂತಷ್ಟೇ ಹೇಳಿದರೆ ನನಗೂ ಯಾವುದು ಅಂತ ಗೊತ್ತಾಗುವುದಿಲ್ಲ. ‘ದೇರ್ ಹೌಸ್ ಈಸ್ ನಿಯರ್ ದಿ ಹಾಸನಾಂಬ ಟೆಂಪಲ್’ ಅಂತ ಪೂರ್ತಿ ವಾಕ್ಯ ಹೇಳಿ. ಬರೆಯುವ ಮುಂಚೆ ಕನ್ನಡದಲ್ಲಿ ಅರ್ಥ ಹೇಳಲಿ, ಆಮೇಲೆ ಪೆನ್ನು ಹಿಡಿಯಲಿ.

ಪ್ರಶ್ನೆ: ಹೊಳೆನರಸೀಪುರದ ಹತ್ತಿರ ಟ್ಯೂಷನ್ ಮಾಡುತ್ತೇನೆ. ಮಕ್ಕಳು ಹಿಲ್ ಬದಲು ಇಲ್ ಬರೆಯುತ್ತಾರೆ. ವೈನ್‌ಗೆ ಡಬ್ಲ್ಯು ಹಾಕಬೇಕೋ ವಿ ಹಾಕಬೇಕೋ ಅಂತ ಕೇಳುತ್ತಾರೆ. ಇದೂ ಅದೇ ಸಮಸ್ಯೆಯಾ?

ಉತ್ತರ: ಅಲ್ಲ. ಇಂಗ್ಲಿಷರ ಬಾಯಲ್ಲಿ ಇವು ಬೇರೆ ಬೇರೆ ಸದ್ದು. ನಮ್ಮ ಬಾಯಲ್ಲಿ ಮಾತ್ರ ಒಂದಾಗಿವೆ. ನಮ್ಮ ಹಳ್ಳಿ ಕಡೆ ಹಾಲು ಆಲಾಗುತ್ತದೆ, ಹಾಗೆಯೇ ಹೇರ್ ಏರ್ ಆಗುತ್ತದೆ, ಹೀಟ್ ಈಟ್ ಆಗುತ್ತದೆ. ದ್ರಾಕ್ಷಿ ಬಳ್ಳಿಯ ವೈನ್‌ಗೂ ಕುಡಿಯುವ ವೈನ್‌ಗೂ ಕನ್ನಡದಲ್ಲಿ ಇರುವುದು ಒಂದೇ ‘ವ’. ಮೇಲಿನ ತಾಯಿಗೆ ಕಿವಿ ಬಿಟ್ಟು ಕಣ್ಣು ನಂಬಿ ಎಂದೆ. ನಿಮಗೆ ಹೇಳುವುದು ಇದರ ತದ್ವಿರುದ್ಧ: ಬಾಯಿ, ಕಿವಿಯಿಂದ ಶುರು ಮಾಡಿ.

ಅಂಗೈಯನ್ನು ಬಾಯಿ ಮುಂದೆ ಹಿಡಿದು ಹಿಲ್, ಇಲ್ ಹೇಳಿಸಿ. ಹಿಲ್ ಅಂದಾಗ ಕೈಗೆ ಬಿಸಿ ಉಸಿರು ತಾಗಬೇಕು. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ಮುಟ್ಟಬೇಕು. ಡಬ್ಲ್ಯುಗೆ ಹಲ್ಲು ಮುಟ್ಟುವುದೇ ಇಲ್ಲ, ತುಟಿ ಗುಂಡಗಾಗುತ್ತದೆ. ಸಣ್ಣ ಕನ್ನಡಿ ಕೊಡಿ, ಅವರೇ ನೋಡಿಕೊಳ್ಳಲಿ. ಆದರೆ ಮಕ್ಕಳು ಮನೆಯಲ್ಲಿ ಆಡುವ ಕನ್ನಡವನ್ನು ತಿದ್ದಲು ಹೋಗಬೇಡಿ, ಅದರಲ್ಲಿ ತಪ್ಪೇನೂ ಇಲ್ಲ. ಇಂಗ್ಲಿಷ್ ಪದ ಹೇಳುವಾಗ ಉಸಿರು ಬಂತಾ ಅಂತ ಮಾತ್ರ ಕೇಳಿ. ಡಿಕ್ಟೇಶನ್ ಹೇಳುವಾಗ ನಿಮ್ಮ ಹಕಾರವೂ ಸ್ಪಷ್ಟವಾಗಿರಲಿ. ಮಕ್ಕಳು ಬರೆಯುವುದು ನಿಮ್ಮ ಬಾಯಿಂದ ಕೇಳಿದ್ದನ್ನೇ.